ಬೋಟ್ ರಿಪೇರಿ ಎಲ್ಲ ಮಳೆಗಾಲದಲ್ಲಿ, ಫೈಬರಿಗೆ ಬೇಕಾದ್ದು ಒಣ ಜಾಗ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ, 61 ದಿನ, ಇದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತುಂಟು. ಆದ್ರೆ ಬೋಟ್‌ಗಳ ಫೈಬರ್ ಕೆಲಸ ಹೆಚ್ಚುಕಮ್ಮಿ ಪೂರಾ ಈ ಎರಡು ತಿಂಗಳಲ್ಲೇ ಮುಗಿಸ್ಬೇಕು, ಅದೂ ಜಡಿಮಳೆಯಲ್ಲಿ ಟರ್ಪಾಲ್ ಕಟ್ಟಿಕೊಂಡು, ಇದರ ಬಗ್ಗೆ ಯಾರೂ ಮಾತಾಡುದು ನಾನು ಕೇಳಿಲ್ಲ. ಮಲ್ಪೆ ಬಂದರಲ್ಲಿ ಇದೇ ಕೆಲಸ ಮಾಡಿಕೊಂಡು ಬಂದವ ನಾನು, ಪತ್ರ ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಜಾಗ ಕೊಡಿ.

ನಾವು ಫೈಬರ್ ಅಂತ ಕರೆಯುದು ಗಾಜಿನ ಎಳೆ ಮತ್ತೆ ಪಾಲಿಯೆಸ್ಟರ್ ರೆಸಿನ್, ಅಂದ್ರೆ ಹಚ್ಚಿದ ಮೇಲೆ ಗಟ್ಟಿ ಆಗುವ ದಪ್ಪ ದ್ರವ, ಎರಡೂ ಸೇರಿದ್ದು. ನಾವು ಜಾಸ್ತಿ ಬಳಸುವ ಮ್ಯಾಟ್ ಉಂಟಲ್ಲ, ಅದು ನೇಯ್ದದ್ದಲ್ಲ, ಗಾಜಿನ ಎಳೆಗಳನ್ನು ಸುಮಾರು 50 ಮಿಲಿಮೀಟರ್ ತುಂಡು ಮಾಡಿ ಓಡುವ ಬೆಲ್ಟಿನ ಮೇಲೆ ಅಡ್ಡಾದಿಡ್ಡಿ ಉದುರಿಸಿ, ಅಂಟು ಹಾಕಿ ಬಿಸಿ ಮಾಡಿ ಒತ್ತಿ ಸುರುಳಿ ಸುತ್ತಿ ಕಳಿಸ್ತಾರೆ, ಚದರ ಮೀಟರಿಗೆ 300 ಗ್ರಾಮಿನದ್ದು, 450ರದ್ದು ಅಂತ ಸಿಗ್ತದೆ. ರೆಸಿನ್ ಕುಡಿಸಿದಾಗ ಅದರಲ್ಲಿರುವ ಸ್ಟೈರೀನ್ ಅನ್ನುವ ದ್ರಾವಕ ಆ ಅಂಟನ್ನು ಕರಗಿಸ್ತದೆ, ಆಗ ಮ್ಯಾಟ್ ಮೆತ್ತಗಾಗಿ ಬೋಟಿನ ಮೂಲೆ ತಿರುವು ಎಲ್ಲದಕ್ಕೂ ಸರಿಯಾಗಿ ಕೂರ್ತದೆ. ಈ ಹೊತ್ತಿಗೆ ಮ್ಯಾಟ್ ತೇವ ಹಿಡಿದಿದ್ರೆ ಮುಗೀತು, ರೆಸಿನ್ ಎಳೆಗೆ ಹಿಡಿಯುದಿಲ್ಲ, ಅಲ್ಲಲ್ಲಿ ಬಿಳಿ ಬಿಳಿ ಉಳೀತದೆ, ರೋಲರ್ ಎಷ್ಟು ಎಳೆದ್ರೂ ಹೋಗುದಿಲ್ಲ.

ಜುಲೈಯಲ್ಲಿ ನಮ್ಮಲ್ಲಿ ಗಾಳಿಯ ತೇವ ಶೇ 90ರ ಹತ್ತಿರ ಇರ್ತದೆ. ಮ್ಯಾಟಿನ ರೋಲ್ ಬಿಚ್ಚಿ ಒಂದು ರಾತ್ರಿ ಹೊರಗಿಟ್ರೆ ಸಾಕು. ಮರದ ಬೋಟಿಗೆ ಹೊರಗಿಂದ ಫೈಬರ್ ಹೊದಿಸುದಾದ್ರೆ ಇನ್ನೂ ಕಷ್ಟ, ಈಗಷ್ಟೇ ನೀರಿಂದ ಎಳೆದ ಹಲಗೆ ಮಳೆಯಲ್ಲಿ ಒಣಗುದು ಯಾವಾಗ? ಆದ್ರೂ ಆಗಸ್ಟ್ 1ಕ್ಕೆ ಬೋಟ್ ಕಡಲಿಗೆ ಇಳೀಬೇಕು, ಮಾಲೀಕರಿಗೆ ಸಾಲ ಉಂಟು, ಅವ್ರೂ ಅವಸರ ಮಾಡ್ತಾರೆ. ಬೇಗ ಗಟ್ಟಿ ಆಗ್ಲಿ ಅಂತ ಕೆಲವರು ರೆಸಿನ್ ಗಟ್ಟಿ ಮಾಡುವ ಕೆಟಲಿಸ್ಟ್ ಜಾಸ್ತಿ ಸುರೀತಾರೆ, ಶೇ 1ರಿಂದ 2 ಹಾಕ್ಬೇಕಾದ್ದು ಅಂದಾಜಲ್ಲಿ ಹಾಕಿದ್ರೆ ಪದರ ಬಿಸಿಯಾಗಿ ಬಿರುಕು ಬಿಡ್ತದೆ. ಪೈಂಟ್ ಹೊಡೆದ ಮೇಲೆ ಇದೆಲ್ಲ ಯಾರ ಕಣ್ಣಿಗೂ ಬೀಳುದಿಲ್ಲ. ಎರಡು ಮೂರು ಸೀಸನ್ ಕಳೆದ ಮೇಲೆ ನೀರಿನ ಮಟ್ಟದ ಕೆಳಗೆ ಗುಳ್ಳೆ ಏಳ್ತದೆ, ಒಡೆದ್ರೆ ಹುಳಿ ವಾಸನೆಯ ನೀರು ಬರ್ತದೆ, ಆಗ ಮಾಲೀಕರು ಕೆಲಸದವನನ್ನು ಬೈಯುದು, ಕೆಲಸದವ ರೆಸಿನ್ ಸರಿ ಇರ್ಲಿಲ್ಲ ಅನ್ನುದು. ತೇವದ ಹೆಸರು ಮಾತ್ರ ಯಾರೂ ಎತ್ತುದಿಲ್ಲ.

ಬೋಟಿನ ಕಥೆ ಇದು, ಮನುಷ್ಯನದ್ದು ಇದಕ್ಕಿಂತ ಕಷ್ಟ. ಸ್ಟೀಲ್ ಬೋಟಾದ್ರೂ ಮೀನು ತುಂಬುವ ಹೋಲ್ಡಿಗೆ ಒಳಗಿಂದ ಫೈಬರ್ ಮಾಡ್ಲಿಕ್ಕೆ ಉಂಟು. ಪಾಲಿಯೆಸ್ಟರ್ ರೆಸಿನಲ್ಲಿ ಸ್ಟೈರೀನ್ ಸುಮಾರು ಶೇ 35ರಿಂದ 45ರಷ್ಟು ಇರ್ತದೆ, ಅದರ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ, ಹಾಗಾಗಿ ಮೇಲೆ ಹೋಗುದಿಲ್ಲ, ಹೋಲ್ಡಿನ ತಳದಲ್ಲೇ ನಿಲ್ತದೆ, ಅಲ್ಲೇ ನಮ್ಮ ಹುಡುಗರು ಬಗ್ಗಿ ಕೂತು ಬ್ರಷ್ ಎಳೆಯುದು. ತಲೆ ಸುತ್ತು, ಕಣ್ಣುರಿ ಬಂದ್ರೆ ಮೇಲೆ ಬಂದು ಚಾ ಕುಡಿದು ಪುನಃ ಇಳೀತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಸ್ಟೈರೀನನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಇದನ್ನು ಈ ಹುಡುಗರಿಗೆ ಹೇಳಿದವರು ಯಾರು?

ಮಾಸ್ಕ್ ಹಾಕ್ತಾರಲ್ಲ ಅಂತ ಕೇಳ್ಬಹುದು. ಕೊರೊನಾ ಕಾಲದಿಂದ ಎಲ್ಲರ ಕೈಯಲ್ಲೂ ಇರುವ ಎನ್95 ಮಾಸ್ಕಿನ ನಡುವಿನ ಪದರವೂ ನೇಯದ ಬಟ್ಟೆಯೇ, ಕರಗಿದ ಪಾಲಿಪ್ರೊಪಿಲೀನನ್ನು ಬಿಸಿಗಾಳಿಯಲ್ಲಿ ಊದಿ ಕೂದಲಿಗಿಂತ ಎಷ್ಟೋ ತೆಳು ಎಳೆ ಮಾಡಿ, ಅದಕ್ಕೆ ವಿದ್ಯುತ್ ಚಾರ್ಜ್ ಕೊಟ್ಟಿರ್ತಾರೆ. ಗ್ರೈಂಡಿಂಗ್ ಮಾಡುವಾಗ ಏಳುವ ಗಾಜಿನ ಧೂಳನ್ನು ಅದು ಚಂದ ಹಿಡೀತದೆ, ಖಂಡಿತ ಹಾಕ್ಬೇಕು. ಆದ್ರೆ ಆವಿ ಅದರಲ್ಲಿ ನಿಲ್ಲುದಿಲ್ಲ, ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಬೇರೆ ಮಾಸ್ಕ್ ಬೇಕು, ಜೊತೆಗೆ ಹೋಲ್ಡಿನ ತಳದಿಂದ ಗಾಳಿ ಎಳೆಯುವ ಬ್ಲೋವರ್. ಬರೀ ಮುಖಕ್ಕೆ ಟವೆಲ್ ಕಟ್ಟಿದ್ರೆ ಧೂಳು, ಆವಿ ಎರಡೂ ನಿಲ್ಲುದಿಲ್ಲ.

ಹೊಸ ದೋಣಿ ಮೋಲ್ಡಲ್ಲಿ ಮಾಡುವವರಿಗೆ ಇನ್ನೂ ಒಳ್ಳೆ ದಾರಿ ಉಂಟು. ಗಾಜಿನ ಬಟ್ಟೆಯನ್ನು ಒಣಗಿದ್ದ ಹಾಗೇ ಮೋಲ್ಡಿಗೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚು ಸೀಲ್ ಮಾಡಿ, ಪಂಪಲ್ಲಿ ಗಾಳಿ ಎಳೆದ್ರೆ ಹೊರಗಿನ ಗಾಳಿಯೇ ಚದರ ಮೀಟರಿಗೆ ಹತ್ತಿರ ಹತ್ತಿರ 10 ಟನ್ ಒತ್ತಡ ಕೊಡ್ತದೆ, ರೆಸಿನ್ ಪೈಪಿಂದ ತನ್ನಷ್ಟಕ್ಕೆ ಒಳಗೆ ಹರೀತದೆ. ಇದಕ್ಕೆ ವ್ಯಾಕ್ಯೂಮ್ ಇನ್‌ಫ್ಯೂಷನ್ ಅಂತಾರೆ. ಕೈಯಲ್ಲಿ ಮ್ಯಾಟ್ ಕೂರಿಸಿದ್ರೆ ತೂಕದಲ್ಲಿ ಗಾಜು ಶೇ 30ರ ಆಸುಪಾಸು, ಉಳಿದದ್ದು ರೆಸಿನ್, ನೇಯ್ದ ಗಾಜಿನ ಬಟ್ಟೆ ಹಾಕಿ ಈ ಕ್ರಮದಲ್ಲಿ ಮಾಡಿದ್ರೆ ಗಾಜು ಶೇ 60 ದಾಟ್ತದೆ, ದೋಣಿ ಹಗುರ, ಗಟ್ಟಿ, ಆವಿಯೂ ಹಾಳೆಯ ಒಳಗೇ ಉಳೀತದೆ. ಬೆಂಗ್ಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ಸಾರಸ್ ವಿಮಾನದ ರೆಕ್ಕೆಯನ್ನೇ ಇಂಥ ವಿಧಾನದಲ್ಲಿ ಮಾಡಿದ್ದಾರೆ. ನಮ್ಮ ರಾಜ್ಯದಲ್ಲೇ ಇರುವ ವಿದ್ಯೆ ಮಲ್ಪೆಗೆ ಬರ್ಲಿಕ್ಕೆ ಎಂತ ಅಡ್ಡಿ? ಖರ್ಚು ಉಂಟು, ಹಾಳೆ, ಟೇಪ್, ಜಾಲರಿ ಒಂದೇ ಸಲಕ್ಕೆ ಎಸೆಯುವಂಥದ್ದು, ಸಣ್ಣಪುಟ್ಟ ರಿಪೇರಿಗೆ ಆಗುವ ಕೆಲಸವೂ ಅಲ್ಲ. ಹಾಗಾಗಿ ಕೈಕೆಲಸ ಇರ್ತದೆ, ಇರ್ಲಿ, ಆದ್ರೆ ಒಣ ಜಾಗದಲ್ಲಿ ಆಗ್ಲಿ.

ಮೀನುಗಾರಿಕೆ ಇಲಾಖೆಯವರಲ್ಲಿ ನನ್ನ ವಿನಂತಿ ಇಷ್ಟೇ. ಮಲ್ಪೆ, ಮಂಗ್ಳೂರು ಬಂದರಿನ ಧಕ್ಕೆ, ಗಂಗೊಳ್ಳಿ, ಈ ಮೂರು ಕಡೆ ಗೋಡೆ, ಮಾಡು (ಛಾವಣಿ) ಇರುವ ಒಂದೊಂದು ಸಾರ್ವಜನಿಕ ಫೈಬರ್ ಶೆಡ್ ಕೊಡಿ, ಮ್ಯಾಟ್ ಇಡ್ಲಿಕ್ಕೆ ತೇವ ತೆಗೆಯುವ ಮೆಷಿನ್ ಇರುವ ಒಂದು ರೂಮ್, ಬಾಡಿಗೆಗೆ ಬ್ಲೋವರ್ ಮತ್ತೆ ಮಾಸ್ಕ್. ದೊಡ್ಡ ಟ್ರಾಲ್ ಬೋಟ್ ಶೆಡ್ಡಿನೊಳಗೆ ಹೋಗುದಿಲ್ಲ, ಒಪ್ತೇನೆ, ಅದಕ್ಕೆ ಚಕ್ರದ ಮೇಲೆ ಓಡುವ ಕಬ್ಬಿಣದ ಮಾಡು, ಸುತ್ತ ಪರದೆ ಮಾಡ್ಬಹುದು. ಕೆಟಲಿಸ್ಟ್ ಮತ್ತೆ ಅದರ ಕೆಲಸ ಚುರುಕು ಮಾಡ್ಲಿಕ್ಕೆ ರೆಸಿನಿಗೆ ಹಾಕುವ ಕೋಬಾಲ್ಟ್ ನೇರ ಒಟ್ಟಿಗೆ ಸೇರಿದ್ರೆ ಸ್ಫೋಟ ಆಗ್ತದೆ, ಇದನ್ನು ಕೂಡ ಹುಡುಗರು ಯಾರದೋ ಬಾಯಿಂದ ಕೇಳಿ ತಿಳಿಯುವ ಪರಿಸ್ಥಿತಿ ಈಗ ಉಂಟು. ಸುರತ್ಕಲ್ಲಿನ ಎನ್‌ಐಟಿಕೆ, ಮಣಿಪಾಲದ ಎಂಐಟಿ, ಮಂಗ್ಳೂರಿನ ಮೀನುಗಾರಿಕೆ ಕಾಲೇಜು ಎಲ್ಲ ಹತ್ತಿರದಲ್ಲೇ ಉಂಟು, ಅಲ್ಲಿನ ಮೇಷ್ಟ್ರುಗಳು ಏಪ್ರಿಲ್ ಮೇಯಲ್ಲಿ ಬಂದರಿಗೇ ಬಂದು ಕನ್ನಡ ತುಳುವಲ್ಲಿ ಕಲಿಸಿದ್ರೆ ಜೂನಿನ ಕೆಲಸಕ್ಕೆ ಹುಡುಗರು ತಯಾರಿರ್ತಾರೆ. ಬರುವ ಜೂನ್ 1ರ ಒಳಗೆ ಮಲ್ಪೆಯಲ್ಲಿ ಒಂದು ಶೆಡ್ಡಾದ್ರೂ ಶುರು ಮಾಡಿ.

ಇತಿ,
ಒಬ್ಬ ಫೈಬರ್ ಕೆಲಸಗಾರ, ಮಲ್ಪೆ, ಉಡುಪಿ