ಭಾನುವಾರ ಶರೀಫಜ್ಜನ ಪದಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಮಲ್ಲೇಶ್ವರದ ನಮ್ಮ ಟೆರೇಸಿನಲ್ಲೇ ಸೇರೋಣ. ಈ ಸಲ ಪೂರ್ತಿ ಶಿಶುನಾಳ ಶರೀಫರ ಪದಗಳು.

ಅಜ್ಜ ತೀರಿಕೊಂಡಿದ್ದು 1889ರಲ್ಲಿ. ಇವತ್ತಿಗೂ ಹಾಡು ನಿಂತಿಲ್ಲ ನೋಡಿ! ನಮ್ಮ ವಯಸ್ಸಿನವರಿಗೆ ಶರೀಫರೆಂದರೆ ಸಿ. ಅಶ್ವತ್ಥ್ ಅವರ ಏರುದನಿ. ಮಕ್ಕಳು ಕೇಳುವುದು ರಘು ದೀಕ್ಷಿತ್ ಗಿಟಾರಿನ ಜೊತೆ. ಯಾರದು ಚೆನ್ನ ಅಂತ ಸುಮ್ನೆ ಜಗಳ ಬೇಡ (ನನ್ನ ಓಟು ಅಶ್ವತ್ಥ್‌ಗೇ). ಸೋರುವ ಮಾಳಿಗೆ, ಗುಡುಗುಡಿ, ಕೋಡಗ ನುಂಗುವ ಕೋಳಿ, ಎಲ್ಲವೂ ಮನೆ-ಅಂಗಳದ್ದೇ. ಒಳಗಿನ ಅರ್ಥ ನಿಧಾನಕ್ಕೆ ಬರುತ್ತದೆ. ಅಷ್ಟರಲ್ಲಿ ಪುಟಾಣಿಗಳೂ ಪಲ್ಲವಿ ಕಲಿತಿರುತ್ತಾರೆ, ಅಲ್ವಾ?

ತಾಳ, ದಮ್ಮಡಿ ಇದ್ದವರು ತನ್ನಿ. ಮೈಕ್ ಇಲ್ಲ, ಕೆಳಮನೆಯವರಿಗೆ ಪರೀಕ್ಷೆ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ, ಮಂಡಕ್ಕಿಗೆ ಲೆಕ್ಕ ಬೇಕು.