ಮನೆಯೊಳಗಿನ ನೀರು, ಹೊರಗಿನ ನೀರು: ಲೆಕ್ಕ ಬೇರೆಯಾಗಲಿ

ಸಂಪಾದಕರಿಗೆ,

ಮಾನ್ಯರೇ,

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ ಮತ್ತು ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಆದರೆ ಮನೆಗೆ ಬರುವ ನೀರಿನಲ್ಲಿ ಅಡುಗೆ, ಸ್ನಾನ, ಶೌಚಕ್ಕೆ ಹೋಗುವುದೆಷ್ಟು, ಅಂಗಳಕ್ಕೂ ಗಿಡಗಳಿಗೂ ಹೋಗುವುದೆಷ್ಟು ಎಂಬ ಅಂದಾಜು ಕೈಯಲ್ಲಿಲ್ಲದೆ, ಇಂಥ ನಿಷೇಧದಿಂದ ಉಳಿದ ನೀರೆಷ್ಟೆಂದು ಹೇಳಲಾಗದು.

ಅಮೆರಿಕದ ಆಸ್ಟಿನ್ ಮೊದಲಾದ ನಗರಗಳಲ್ಲಿ, ಚಳಿಗಾಲದಲ್ಲಿ ಹುಲ್ಲುಹಾಸಿಗೆ ನೀರುಣಿಸುವುದು ಕಡಿಮೆಯಾಗುವುದರಿಂದ, ಆ ತಿಂಗಳುಗಳ ಸರಾಸರಿಯನ್ನೇ ಮನೆಯೊಳಗಿನ ಬಳಕೆಯೆಂದು ಹಿಡಿದು ಒಳಚರಂಡಿ ಶುಲ್ಕ ನಿಗದಿಪಡಿಸುತ್ತಾರೆ. ಬೆಂಗಳೂರಿಗೆ ಈ ಕ್ರಮ ಹಾಗೆಯೇ ಹೊಂದದು. ಇಲ್ಲಿ ಡಿಸೆಂಬರ್, ಜನವರಿ ಒಣ ತಿಂಗಳುಗಳು, ಗಿಡಗಳಿಗೆ ನೀರು ಹಾಕಲೇಬೇಕು. ನಮಗೆ ಆಧಾರವಾಗಬೇಕಾದವು ಮಳೆ ಹೆಚ್ಚಿರುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಬಿಲ್ಲುಗಳು. ಮಾರ್ಚ್, ಏಪ್ರಿಲ್ ಬಳಕೆಯಲ್ಲಿ ಈ ಸರಾಸರಿಯನ್ನು ಕಳೆದರೆ ಹೊರಗಿನ ಬಳಕೆಯ ಸ್ಥೂಲ ಅಂದಾಜು ದೊರೆಯುತ್ತದೆ. ಸ್ಥೂಲ ಎನ್ನಲು ಕಾರಣವಿದೆ: ಬೇಸಿಗೆಯಲ್ಲಿ ಸ್ನಾನಕ್ಕೂ ನೀರು ಹೆಚ್ಚು ಬೇಕು, ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವುದು ಮಳೆಗಾಲದಲ್ಲೂ ನಿಲ್ಲುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಜಲಮಂಡಳಿಯ ಕಾವೇರಿ ನೀರಿನ ಮೀಟರಿನ ಮೂಲಕ ಹಾಯುವುದೇ ಇಲ್ಲ.

ಆದ್ದರಿಂದ ತೋಟದ ವಿಸ್ತೀರ್ಣದಿಂದಲೂ ತಾಳೆ ನೋಡಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಬೇಕೆಂದು ಇಟ್ಟುಕೊಂಡರೆ, 30x40 ನಿವೇಶನದ ಮನೆಯ ಮುಂದಿನ ನೂರು ಚದರ ಅಡಿ ಕೈತೋಟಕ್ಕೆ ಸುಮಾರು 46 ಲೀಟರ್ ಸಾಕು. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ನಾಲ್ವರ ಕುಟುಂಬಕ್ಕೆ ಬೇಕಾಗುವ 540 ಲೀಟರಿನಲ್ಲಿ ಇದು ಹನ್ನೊಂದನೆಯ ಒಂದು ಪಾಲೂ ಅಲ್ಲ. ಅದೇ ಇನ್ನೂರು ಚದರ ಮೀಟರ್ ಹುಲ್ಲುಹಾಸಿರುವ ವಿಲ್ಲಾಗೆ ಸಾವಿರ ಲೀಟರ್ ಬೇಕು, ಎಂದರೆ ಅಂಥ ಕುಟುಂಬದ ಒಳಬಳಕೆಯ ಹೆಚ್ಚುಕಡಿಮೆ ಎರಡರಷ್ಟು. ಇಬ್ಬರಿಗೂ ಒಂದೇ ದಂಡ ಎಂಬುದು ನನಗೆ ಒಪ್ಪಿತವಾಗಿ ತೋರುವುದಿಲ್ಲ. ಇನ್ನು ಪೈಪು ಹಿಡಿದು ಕಾರು ತೊಳೆಯುವವರು, ಹದಿನೈದು ಲೀಟರಿನ ಬಕೆಟ್ ಆ ಪೈಪಿನಿಂದ ಎಷ್ಟು ಹೊತ್ತಿನಲ್ಲಿ ತುಂಬುತ್ತದೆಂದು ಒಮ್ಮೆ ನೋಡಲಿ. ಒಂದು ನಿಮಿಷವಾದರೆ, ಹತ್ತು ನಿಮಿಷದ ತೊಳೆತಕ್ಕೆ 150 ಲೀಟರ್ ಹೋಯಿತು.

ಪ್ರತಿ ಫ್ಲ್ಯಾಟಿಗೂ ಮೀಟರ್ ಇರುವ ಅಪಾರ್ಟ್‌ಮೆಂಟುಗಳಲ್ಲಿ ಕೆಲಸ ಇನ್ನೂ ಸುಲಭ: ಒಟ್ಟು ಒಳಹರಿವಿನಲ್ಲಿ ಫ್ಲ್ಯಾಟುಗಳ ಮೊತ್ತ ಕಳೆದರೆ ಉಳಿಯುವುದು ತೋಟ, ನೆಲ ತೊಳೆಯುವಿಕೆ ಮತ್ತು ಸೋರಿಕೆ. ಸೋರಿಕೆಯನ್ನು ಬೇರ್ಪಡಿಸಲು, ಎಲ್ಲ ಬಳಕೆಯೂ ನಿಂತಿರುವ ನಡುರಾತ್ರಿಯಲ್ಲಿ ಎರಡು ಗಂಟೆಗಳ ಕಾಲ ಟ್ಯಾಂಕಿನ ಮಟ್ಟ ಗಮನಿಸಿದರೆ ಸಾಕು.

ಜಲಮಂಡಳಿಯು ತನ್ನ ಮಾಸಿಕ ಬಿಲ್ಲಿನ ಮಾಹಿತಿಯಿಂದ ಮಳೆಗಾಲ ಮತ್ತು ಬೇಸಿಗೆಯ ಬಳಕೆಯ ವ್ಯತ್ಯಾಸವನ್ನು ಬಡಾವಣೆವಾರು ಪ್ರಕಟಿಸಬೇಕು. ದೊಡ್ಡ ನಿವೇಶನಗಳ ತೋಟದ ನಲ್ಲಿಗೂ ಬೋರ್‌ವೆಲ್ಲಿಗೂ ಪ್ರತ್ಯೇಕ ಮೀಟರ್ ಕಡ್ಡಾಯಗೊಳಿಸಬೇಕು. ಮುಂದಿನ ನಿಷೇಧದ ಆದೇಶ ಹೊರಡುವ ಮುನ್ನ ಇಷ್ಟು ಆಗಲಿ ಎಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ಬೆಂಗಳೂರು