ಮೊದಲ ಪುಸ್ತಕ ಗೆದ್ದ ಮೇಲೆ

ಪ್ರೀತಿಯ ತಂಗಿ,

ಮೊದಲ ಸಂಕಲನಕ್ಕೆ ಬಹುಮಾನ ಬಂತು, ಈಗ ಹೋದಲ್ಲೆಲ್ಲ ಅದೇ ಎರಡು ಪದ್ಯ ಓದು ಅಂತಾರೆ, ಹೊಸದು ಯಾರಿಗೂ ಬೇಕಿಲ್ಲ ಅಂತ ಬರೆದಿದ್ದೀಯ. ಕೆ.ಎಸ್. ನರಸಿಂಹಸ್ವಾಮಿಯವರ ಪುಸ್ತಕಗಳನ್ನು ಬಂದ ವರ್ಷದ ಸಾಲಿನಲ್ಲೇ ಒಮ್ಮೆ ಓದಿ ನೋಡು. ಈ ಕಷ್ಟ ಅವರಷ್ಟು ಅನುಭವಿಸಿದವರು ಕನ್ನಡದಲ್ಲಿ ಕಡಿಮೆ.

ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದವರು. ಮೊದಲ ಕವನ ಸಂಕಲನ ‘ಮೈಸೂರು ಮಲ್ಲಿಗೆ’ ಬಂದಾಗ ಇಪ್ಪತ್ತೇಳು ವಯಸ್ಸು. ಅದನ್ನು ಜನ ಮದುವೆಮನೆಯಲ್ಲಿ ಹಾಡಿದರು, ಆಮೇಲೆ ಕ್ಯಾಸೆಟ್ಟಿನಲ್ಲಿ ಕೇಳಿದರು. 1992ರಲ್ಲಿ ನಾಗಾಭರಣ ಸಿನಿಮಾನೂ ಮಾಡಿದರು. ಐವತ್ತು ವರ್ಷ ಒಂದೇ ಪುಸ್ತಕ ಬೆನ್ನು ಹತ್ತಿ ಬಂದರೆ ಏನಾಗುತ್ತದೆ ಹೇಳು? ಪ್ರೇಮಕವಿ ಅಂತ ಹೆಸರು ಬಿತ್ತು, ಅದು ಹೋಗಲೇ ಇಲ್ಲ.

ಅವರೇನು ಅಲ್ಲೇ ಕೂತಿರಲಿಲ್ಲ. ಸರ್ಕಾರಿ ಕಚೇರಿಯ ಗುಮಾಸ್ತಿಕೆ, ಬಾಡಿಗೆ ಮನೆ, ಪೇಟೆಯ ಗದ್ದಲ ಎಲ್ಲ ಪದ್ಯಕ್ಕೆ ಬಂದವು. 1958ರ ‘ಶಿಲಾಲತೆ’ ತೆಗೆದರೆ ಬೇರೆಯೇ ದನಿ. ಅದರಲ್ಲಿರುವ ‘ಗಡಿಯಾರದಂಗಡಿಯ ಮುಂದೆ’ ಪದ್ಯ ಬರೆದವರೇ ‘ಮಲ್ಲಿಗೆ’ಯ ಬಳೆಗಾರ ಚೆನ್ನಯ್ಯನನ್ನೂ ಬರೆದರು ಅಂದರೆ ಹೊಸ ಓದುಗರು ನಂಬುವುದು ಕಷ್ಟ. ನನಗಂತೂ ‘ಶಿಲಾಲತೆ’ಯೇ ಜಾಸ್ತಿ ಇಷ್ಟ. ಈ ಮಾತಿಗೆ ಗೆಳೆಯರು ನನ್ನ ಮೇಲೆ ರೇಗುತ್ತಾರೆ, ರೇಗಲಿ.

1960ರಲ್ಲಿ ‘ಮನೆಯಿಂದ ಮನೆಗೆ’ ಬಂತು. ಅದಾದ ಮೇಲಿನ ಸಂಕಲನ ‘ತೆರೆದ ಬಾಗಿಲು’, 1976ರಲ್ಲಿ. ನಡುವೆ ಹದಿನಾರು ವರ್ಷ. ನೀನು ಎಂಟು ತಿಂಗಳು ಬರೆಯಲಿಲ್ಲ ಅಂತ ಅಳುತ್ತೀಯಲ್ಲ! ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದು ಈ ‘ತೆರೆದ ಬಾಗಿಲು’ಗೇ, 1977ರಲ್ಲಿ. ಜನ ಇವತ್ತಿಗೂ ಹಾಡುವುದು ಮಾತ್ರ ‘ಮಲ್ಲಿಗೆ’ಯನ್ನೇ. ಪ್ರಶಸ್ತಿಯ ದಾರಿ ಬೇರೆ, ಹಾಡಿನ ದಾರಿ ಬೇರೆ. ಎರಡನ್ನೂ ಲೆಕ್ಕ ಹಾಕಿಕೊಂಡು ಬರೆಯೋಕೆ ಹೋಗಬೇಡ.

ಹಾಗಂತ ಮೊದಲ ಪುಸ್ತಕವನ್ನು ಬೈಯಬೇಡ. ‘ಅದೆಲ್ಲ ಹುಡುಗಾಟ’ ಅಂತ ವೇದಿಕೆಯಲ್ಲಿ ಹೇಳುವುದು ಈಗ ಒಂದು ಫ್ಯಾಷನ್. ಕೆ.ಎಸ್.ನ. ಎಂಬತ್ತರ ಹತ್ತಿರ ಬಂದಾಗ ಒಂದು ಸಂಕಲನಕ್ಕೆ ‘ದುಂಡು ಮಲ್ಲಿಗೆ’ ಅಂತಲೇ ಹೆಸರಿಟ್ಟರು.

ಇನ್ನೊಂದು ವಿಷಯ. ‘ರಾಯರು ಬಂದರು’ ಪದ್ಯವನ್ನು ರಾಗ ಬಿಟ್ಟು ಸುಮ್ನೆ ಓದು. ಅಳಿಯ ರಾತ್ರಿ ಹೊತ್ತು ಮಾವನ ಮನೆಗೆ ಬಂದಿದ್ದಾನೆ. ಉಪಚಾರ ಜೋರಾಗಿದೆ, ಹೆಂಡತಿ ಮಾತ್ರ ಕಾಣುತ್ತಿಲ್ಲ. ಯಾಕೆ ಅನ್ನುವುದನ್ನು ಕವಿ ಬಿಡಿಸಿ ಹೇಳುವುದಿಲ್ಲ. ಆ ಕಾಲದ ಮನೆಗಳಲ್ಲಿ ಹೇಗೆ ಹೇಳುತ್ತಿದ್ದರೋ ಅಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಅವನ ಪೆಚ್ಚುಮೋರೆ ನಮಗೆ ಕಾಣುತ್ತದೆ, ನಗು ಬರುತ್ತದೆ. ಅಲ್ಲಿ ಪ್ರೀತಿ ಇರುವುದು ಮಂಚ, ಚೊಂಬಿನ ನೀರು, ನಾದಿನಿಯ ನಗುವಿನಲ್ಲಿ. ಅದರ ಇಂಪನ್ನು ಹಿಡಿಯಲು ಹೋಗಿ ಕೆಟ್ಟವರು ಬಹಳ. ಎಲ್ಲಿ ಮಾತು ನಿಲ್ಲಿಸಿದರು ಅನ್ನುವುದನ್ನು ಕಲಿತವರು ಕಡಿಮೆ.

ನೀನು ಕಳಿಸಿದ ಹೊಸ ಪದ್ಯಗಳಲ್ಲಿ ಮೊದಲ ಮೂರು ನಿನ್ನದೇ ಹಳೆಯ ಪದ್ಯಗಳ ನಕಲು, ಬಿಟ್ಟುಬಿಡು. ಅತ್ತೆಯ ಪಿಂಚಣಿ ಪುಸ್ತಕದ ಪದ್ಯ ಒರಟಾಗಿದೆ, ಆದರೆ ಅದು ಬೇಕು. ಕೊನೆಯ ನಾಲ್ಕು ಸಾಲಿನಲ್ಲಿ ನೀನೇ ಅರ್ಥ ಹೇಳಿಬಿಟ್ಟಿದ್ದೀಯ. ಅವನ್ನು ತೆಗೆದು ಇನ್ನೊಮ್ಮೆ ಕಳಿಸು. ಬಹುಮಾನ ಕೊಟ್ಟವರಿಗೆ ಹಿಡಿಸುತ್ತಾ ಅಂತ ಮಾತ್ರ ನನ್ನನ್ನು ಕೇಳಬೇಡ.

ನಿನ್ನ ಅಣ್ಣ